ಕೆರೆಯ ಮೀನು, ಕಡಲ ಮೀನು: ಹಾರ್ಡಿನ್ನರ ವಾದದ ವಿಮರ್ಶೆ

ಒಡೆಯನಿಲ್ಲದ ಸಂಪತ್ತು ಉಳಿಯಲಾರದೆಂಬುದು ಅರ್ಥಶಾಸ್ತ್ರದಲ್ಲಿ ಬಹುಕಾಲದಿಂದ ಮನ್ನಣೆ ಪಡೆದ ಮಾತು. 1954ರಲ್ಲಿ ಎಚ್. ಸ್ಕಾಟ್ ಗಾರ್ಡನ್ ಅವರು ಇದನ್ನು ಮೀನುಗಾರಿಕೆಗೆ ಅನ್ವಯಿಸಿ, ತಡೆಯಿಲ್ಲದ ಕಡಲಿನಲ್ಲಿ ವೆಚ್ಚವು ಆದಾಯವನ್ನು ಸರಿಗಟ್ಟುವವರೆಗೂ ದೋಣಿಗಳು ಹೆಚ್ಚುತ್ತಲೇ ಹೋಗುವುವೆಂದು ತೋರಿಸಿದರು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅವರು ಹುಲ್ಲುಗಾವಲಿನ ದೃಷ್ಟಾಂತದಿಂದ ಅದನ್ನು ಸಾರ್ವತ್ರಿಕ ನಿಯಮದಂತೆ ನಿರೂಪಿಸಿದರು. ಖಾಸಗಿ ಒಡೆತನ, ಇಲ್ಲವೆ ಸರಕಾರದ ನಿರ್ಬಂಧ. ಇವೆರಡೇ ಅವರು ಕಂಡ ಪರಿಹಾರಗಳು. ಈ ವಾದವು ನಮ್ಮ ನಾಡಿನ ಚರಿತ್ರೆಗೆ ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ಇಲ್ಲಿ ಪರಿಶೀಲಿಸುವೆವು.

ಕಡಲಿನಿಂದ ದೂರವಿರುವ ದೇವರಗುಡ್ಡ, ರಾಣೇಬೆನ್ನೂರು ಸೀಮೆಯಂತಹ ಒಳನಾಡಿನ ಕೆರೆಗಳ ಮಟ್ಟಿಗೆ ಈ ವಾದಕ್ಕೆ ಬಲವುಂಟು. ಕೆರೆಗೆ ಏರಿಯುಂಟು, ಎಲ್ಲೆಯುಂಟು. ಕಟ್ಲಾ, ರೋಹು ಮರಿಗಳನ್ನು ಬಿಟ್ಟ ಗುತ್ತಿಗೆದಾರನಾಗಲಿ ಸಹಕಾರ ಸಂಘವಾಗಲಿ ತಾನು ಬಿಟ್ಟುದನ್ನು ತಾನೇ ಹಿಡಿಯಬಹುದು. ಆದರೆ ಅಲ್ಲಿಯೂ ನೀರು ಹೊಲಗದ್ದೆಗಳಿಗೂ ದನಕರುಗಳಿಗೂ ಸಲ್ಲತಕ್ಕದ್ದು. ಮೀನಿನ ಗುತ್ತಿಗೆಯು ಕೆರೆಯ ಒಡೆತನವಲ್ಲ.

ಕಡಲಿನ ಬಂಗುಡೆ, ಬೂತಾಯಿಗಳಿಗೆ ಏರಿಯಿಲ್ಲ. ಆದರೂ ನಮ್ಮ ಕರಾವಳಿಯಲ್ಲಿ ರಂಪಣಿಯೆಂಬ ದೊಡ್ಡ ಬಲೆಯ ಸಾಮೂಹಿಕ ಮೀನುಗಾರಿಕೆ ನಡೆದುಬಂದಿತ್ತು. ಹತ್ತಾರು ಮಂದಿ ಒಂದುಗೂಡಿ ದಡಕ್ಕೆ ಎಳೆಯುತ್ತಿದ್ದ ಈ ಬಲೆಯ ಹುಟ್ಟುವಳಿಯು ಪಾಲಿನ ಕ್ರಮದಲ್ಲಿ ಹಂಚಿಕೆಯಾಗುತ್ತಿತ್ತು. ಕಡಲಿಗೆ ಖಾಸಗಿ ಒಡೆಯನಿರಲಿಲ್ಲ, ಆದರೆ ಕಟ್ಟಳೆಯಿತ್ತು. ದಡದ ಸಮೀಪಕ್ಕೆ ಬಂದ ಹಿಂಡನ್ನಷ್ಟೇ ಹಿಡಿಯಬಲ್ಲ ಬಲೆಗೆ ತನ್ನದೇ ಆದ ಮಿತಿಯೂ ಇತ್ತು.

ಈ ವ್ಯವಸ್ಥೆ ಕುಗ್ಗಿದುದು ಮೀನುಗಾರನ ಲೋಭವೊಂದರಿಂದಲೇ ಎನ್ನಲಾಗದು. ಸ್ವಾತಂತ್ರ್ಯಾನಂತರ ಸರಕಾರವು ಸಾಲ, ಸಹಾಯಧನಗಳಿಂದ ಯಂತ್ರದೋಣಿಗಳನ್ನು ಪ್ರೋತ್ಸಾಹಿಸಿತು. ರಫ್ತಿನ ಮಾರುಕಟ್ಟೆಯು ಸಿಗಡಿಗೆ ಬೆಲೆ ತಂದಿತು. 1970ರ ದಶಕದ ನಡುವೆ ಬಂದ ಪರ್ಸೀನ್ ಬಲೆಯು ಹಿಂಡು ದಡ ಸೇರುವ ಮುನ್ನವೇ ಅದನ್ನು ಸುತ್ತುವರಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂದುದು 1986ರಲ್ಲಿ. ಪ್ರೋತ್ಸಾಹ ಮೊದಲು, ಮಿತಿ ಆಮೇಲೆ. ದೋಷದ ಬೇರು ಈ ಅನುಕ್ರಮದಲ್ಲಿಯೇ ಇದೆ.

ಹಾರ್ಡಿನ್ನರು ತಡೆಯಿಲ್ಲದ ಬಯಲನ್ನೂ ಕಟ್ಟಳೆಯುಳ್ಳ ಸಮುದಾಯದ ಸೊತ್ತನ್ನೂ ಒಂದೆಂದೇ ಎಣಿಸಿದರು. 1990ರಲ್ಲಿ ಎಲಿನರ್ ಆಸ್ಟ್ರಂ ಅವರು ಸಮುದಾಯಗಳು ತಾವೇ ಕಟ್ಟಳೆ ಮಾಡಿ ಸೊತ್ತನ್ನು ಕಾಯಬಲ್ಲವೆಂಬುದನ್ನು ನಿದರ್ಶನಗಳಿಂದ ವಿಶದಪಡಿಸಿದರು. 1994ರಲ್ಲಿ ಹಾರ್ಡಿನ್ನರೇ ತಮ್ಮ ವಾದವು ನಿರ್ವಹಣೆಯಿಲ್ಲದ ಸೊತ್ತಿಗೆ ಸಲ್ಲುವುದೆಂದು ತಿದ್ದಿಕೊಂಡರು. ಪರ್ಸೀನ್ ಬಂದ ಬಳಿಕ ನಮ್ಮ ಕಡಲು ಅವರ ಹುಲ್ಲುಗಾವಲಿನಂತಾದುದು ನಿಜ. ಆದರೆ ಅದು ಹಾಗೆ ಇದ್ದುದಲ್ಲ, ನೀತಿ ಮತ್ತು ಮಾರುಕಟ್ಟೆಗಳು ಕೂಡಿ ಹಾಗೆ ಮಾಡಿದುವು. ಇಂದು ಜೂನ್ 1ರಿಂದ ಜುಲೈ 31ರವರೆಗೆ ಜಾರಿಯಲ್ಲಿರುವ 61 ದಿನಗಳ ನಿಷೇಧವು ಕಾಲಕ್ಕೆ ಮಿತಿ ಹಾಕುವುದೇ ಹೊರತು ದೋಣಿಗಳ ಸಂಖ್ಯೆಗಲ್ಲ. ಕಟ್ಟಳೆಯನ್ನು ಮುರಿದ ನೀತಿಯೇ ಹೊಸ ಕಟ್ಟಳೆಯನ್ನು ಮೀನುಗಾರರೊಡನೆ ಕೂಡಿ ಕಟ್ಟಬೇಕಾಗಿದೆ.