ಕೊರೆದದ್ದು ಸಾಲದು, ಬರೆದಿಡಬೇಕು

ಕಿಬ್ಬನಹಳ್ಳಿಯ ನೆಲದಲ್ಲಿ ಎಣ್ಣೆ ಸಿಗುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಅಡಿಯಲ್ಲಿರುವುದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ನೈಸ್ ಮತ್ತು ಶಿಸ್ಟ್ ಕಲ್ಲು. ಎಣ್ಣೆ ಕೂಡುವುದು ಮರಳು, ಕೆಸರು ಗಟ್ಟಿಯಾದ ಪದರಶಿಲೆಗಳಲ್ಲಿ. ಆದರೆ ಕಣ್ಣಿಗೆ ಕಾಣದ್ದನ್ನು ನಂಬಿ ನೆಲ ಕೊರೆಸುವ ಕಷ್ಟ ಈ ತೆಂಗಿನ ನಾಡಿಗೆ ಚೆನ್ನಾಗಿ ಗೊತ್ತು. ಎಣ್ಣೆಗಾಗಿ ಮೊದಲು ಕೊರೆದವರ ಪದ್ಧತಿಯನ್ನು ತೂಗಿ ನೋಡಲು ಇದಕ್ಕಿಂತ ತಕ್ಕ ಜಾಗವಿಲ್ಲ.

1859ರ ಆಗಸ್ಟ್‌ನಲ್ಲಿ ಅಮೆರಿಕದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಎಣ್ಣೆ ಕಂಡದ್ದು ಸುಮಾರು 69 ಅಡಿಯಲ್ಲಿ. ಹಗ್ಗದ ತುದಿಗೆ ಕಟ್ಟಿದ ಭಾರದ ಉಳಿಯನ್ನು ಎತ್ತಿ ಎತ್ತಿ ಬೀಳಿಸಿ ಕಲ್ಲು ಪುಡಿಮಾಡುವುದು ಅಂದಿನ ವಿಧಾನ. ಉಳಿಯನ್ನು ಎತ್ತುತ್ತಿದ್ದ ಮರದ ತೊಲೆ ನಮ್ಮ ಏತದಂತೆ ಮೇಲೆ ಕೆಳಗೆ ಆಡುತ್ತಿತ್ತು. ಚೀನಾದ ಸಿಚುವಾನ್‌ನಲ್ಲಿ ಉಪ್ಪುನೀರಿಗಾಗಿ ಇದೇ ತತ್ವದ ಮೇಲೆ, ಬಿದಿರಿನ ಹಗ್ಗ ಹಿಡಿದು, 1835ರಷ್ಟರಲ್ಲೇ ಸಾವಿರ ಮೀಟರ್ ದಾಟಿದ್ದರು. ಡ್ರೇಕ್‌ನ ಹೆಚ್ಚುಗಾರಿಕೆ ಬೇರೆಡೆ ಇದೆ. ಮೇಲ್ಮಣ್ಣು ಕುಸಿದು ನೀರು ನುಗ್ಗಿದಾಗ ಅವನು ಗಟ್ಟಿ ಕಲ್ಲಿನವರೆಗೂ ಕಬ್ಬಿಣದ ಕೊಳವೆ ಹೊಡೆಸಿ, ಅದರೊಳಗೆ ಕೊರೆಸಿದ. ಇವತ್ತು ಪ್ರತಿ ತೋಟದಲ್ಲೂ ಇಳಿಯುವ ಕೇಸಿಂಗ್ ಪೈಪಿನ ಕೆಲಸವೂ ಅದೇ.

ಈ ಪದ್ಧತಿ ಬಹಳ ನಿಧಾನ. ಡ್ರೇಕ್‌ನ ಬಾವಿ ದಿನಕ್ಕೆ ಮೂರು ಅಡಿಯಷ್ಟೇ ಇಳಿಯುತ್ತಿತ್ತು. ಒಳಗಿನ ಒತ್ತಡವನ್ನು ತಡೆಯುವ ಉಪಾಯವೂ ಇರಲಿಲ್ಲ. ಬರಿದಾದ ಬಾವಿಗಳನ್ನು ಮುಚ್ಚದೆ ಬಿಟ್ಟದ್ದರಿಂದ ಮೇಲಿನ ನೀರು ಇಳಿದು ಎಣ್ಣೆಯ ಪದರಗಳೇ ಕೆಟ್ಟವು. ಆದರೆ ಆ ನಿಧಾನದಲ್ಲೇ ಒಂದು ಲಾಭವಿತ್ತು: ಕೊರೆಯುವವನ ಕೈ ಹಗ್ಗದ ಮೇಲಿರುತ್ತಿತ್ತು, ಕಲ್ಲು ಬದಲಾದದ್ದು ಅದುರಿನಲ್ಲೇ ತಿಳಿಯುತ್ತಿತ್ತು. ಆಗಾಗ ಮೇಲೆತ್ತಿದ ಕೆಸರು ಯಾವ ಆಳದಲ್ಲಿ ಯಾವ ಕಲ್ಲಿದೆ ಎಂಬುದನ್ನು ತೋರಿಸುತ್ತಿತ್ತು. 1874ರಲ್ಲಿ ಶುರುವಾದ ಪೆನ್ಸಿಲ್ವೇನಿಯಾದ ಎರಡನೇ ಭೂವೈಜ್ಞಾನಿಕ ಸಮೀಕ್ಷೆಯಲ್ಲಿ ಜಾನ್ ಕಾರ್ಲ್ ಇಂಥ ಬಾವಿಗಳ ದಾಖಲೆಗಳನ್ನು ಕಲೆಹಾಕಿ, ಎಣ್ಣೆ ಪದರಗಳ ಹರಹನ್ನು ಬಿಡಿಸಿಟ್ಟ. ಹಾಗೆ ಬರೆದಿಟ್ಟಾಗ ಎಣ್ಣೆ ಸಿಗದ ಬಾವಿಯೂ ಮುಂದಿನ ಬಾವಿಗೆ ದಾರಿ ತೋರಿತು.

ತೆಂಗಿನ ನಾಡು ಸೋತಿರುವುದು ಇಲ್ಲಿ.

1967ರ ಬಿಹಾರದ ಬರದ ಹೊತ್ತಿಗೆ ಯುನಿಸೆಫ್ ಭಾರತಕ್ಕೆ ತಂದ, ಗಾಳಿಯ ಒತ್ತಡದಿಂದ ತಳದಲ್ಲೇ ಬಡಿಯುವ ಸುತ್ತಿಗೆಯ ರಿಗ್‌ಗಳು ಗಟ್ಟಿಕಲ್ಲಿನ ನಾಡಿಗೆ ವರವಾದವು. ಡಿಗ್ಬಾಯ್‌ನಲ್ಲಿ 1889ರಲ್ಲಿ ಶುರುವಾದ ಎಣ್ಣೆಬಾವಿ 662 ಅಡಿ ಮುಟ್ಟಲು ಮರುವರ್ಷವಾಯಿತು; ಆ ಆಳವನ್ನು ಇಂದಿನ ರಿಗ್ ಒಂದೆರಡು ದಿನದಲ್ಲಿ ದಾಟುತ್ತದೆ. ವೇಗ ಬಂತು, ವಿವೇಚನೆ ಹಿಂದುಳಿಯಿತು. ಅಂಗೈಯಲ್ಲಿಟ್ಟ ತೆಂಗಿನಕಾಯಿ ಎದ್ದು ನಿಂತಲ್ಲಿ ಪಾಯಿಂಟ್, ಅಲ್ಲೇ ಬೋರ್. ಈ ಕಲ್ಲಿನಲ್ಲಿ ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ, ಇಲ್ಲವೇ ಬಿರುಕುಗಳಲ್ಲಿ. ಯಾವ ಅಡಿಯಲ್ಲಿ ಧೂಳಿನ ಬಣ್ಣ ತಿರುಗಿತು, ಎಲ್ಲಿ ತೇವ ಕಂಡಿತು ಎಂಬುದು ರಿಗ್ ಹೊರಡುವ ಹೊತ್ತಿಗೆ ಹೆಚ್ಚಿನ ಕಡೆ ಮರೆತೇ ಹೋಗಿರುತ್ತದೆ. ಪಕ್ಕದ ತೋಟದವನು ಮತ್ತೆ ಸಾಲ ಮಾಡಿ, ಅದೇ ಕಲ್ಲನ್ನು ಮೊದಲಿನಿಂದ ಕೊರೆಸುತ್ತಾನೆ.

2011ರ ಕರ್ನಾಟಕ ಅಂತರ್ಜಲ ಕಾಯ್ದೆ ಅನುಮತಿ, ನೋಂದಣಿಗಳ ಮಾತಾಡುತ್ತದೆ. ಅದರ ಜೊತೆಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ಪುಸ್ತಕ ಬೇಕು: ಬೋರ್ ಎಲ್ಲಿ, ಕೇಸಿಂಗ್ ಎಷ್ಟು ಅಡಿ, ಕಲ್ಲು ಎಂಥದು, ನೀರು ಎಷ್ಟರಲ್ಲಿ, ಫೇಲ್ ಆದದ್ದು ಎಷ್ಟು ಆಳದಲ್ಲಿ. ರಿಗ್‌ನ ಬಿಲ್ಲಿನಲ್ಲಿ ಅಡಿಯ ಲೆಕ್ಕ ಹೇಗೂ ಇರುತ್ತದೆ. ಅದರ ಪಕ್ಕದಲ್ಲಿ ಧೂಳಿನ ಬಣ್ಣವನ್ನೂ ಬರೆಸುವುದು ರೈತನಿಗೆ ಹೆಚ್ಚು ಖರ್ಚಿನ ಕೆಲಸವಲ್ಲ.