ತೊಗಲುಗೊಂಬೆ ಮತ್ತು ಯಹೂದ್ಯರ ಕಾಗದಚಿತ್ರ: ಒಂದು ತುಲನೆ

ಬಳ್ಳಾರಿ, ಕೊಪ್ಪಳ ಸೀಮೆಗಳ ತೊಗಲುಗೊಂಬೆಗಳನ್ನು ನಮ್ಮ ವಿದ್ವಾಂಸರು ಬಹುಮಟ್ಟಿಗೆ ಜಾನಪದ ರಂಗಭೂಮಿಯ ಅಂಗವೆಂದೇ ವಿವೇಚಿಸಿದ್ದಾರೆ. ಗೊಂಬೆಯನ್ನು ಕೊರೆದು ರಚಿಸಿದ ಧಾರ್ಮಿಕ ಚಿತ್ರವೆಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಯಹೂದ್ಯರ ಕಾಗದಚಿತ್ರವನ್ನು ಹೋಲಿಕೆಗೆ ಆರಿಸಿಕೊಂಡಿದೆ. ಇದು ತೀರ ದೂರದ ಹೋಲಿಕೆಯೆಂದು ವಾಚಕರಿಗೆ ತೋರಬಹುದು. ಆದರೆ ನೆರೆಯ ಆಂಧ್ರದ ಗೊಂಬೆಗಳೊಡನೆ ಹೋಲಿಸಿದಾಗ ಗಮನಕ್ಕೆ ಬಾರದ ಕೆಲವು ಸಂಗತಿಗಳು ಇಲ್ಲಿ ಸ್ಪಷ್ಟವಾಗುತ್ತವೆ.

ಪೂರ್ವ ಯೂರೋಪಿನ, ವಿಶೇಷವಾಗಿ ಪೋಲೆಂಡ್ ಪ್ರಾಂತದ ಯಹೂದ್ಯರು 18 ಮತ್ತು 19ನೆಯ ಶತಮಾನಗಳಲ್ಲಿ ಕಾಗದವನ್ನು ನಡುವೆ ಮಡಿಸಿ, ಚೂರಿಯಿಂದ ಕೊರೆದು, ಎಡಬಲ ಸಮನಾದ ಚಿತ್ರಗಳನ್ನು ರಚಿಸುತ್ತಿದ್ದರು. ಸಿಂಹ, ಪಕ್ಷಿ, ಬಳ್ಳಿ, ಏಳು ಕವಲಿನ ದೀಪಸ್ತಂಭ ಇವು ಅಲ್ಲಿನ ಸಾಮಾನ್ಯ ವಸ್ತುಗಳು. ದೇವರಿಗೆ ಆಕಾರ ಕೊಡುವುದು ಅವರ ಧರ್ಮದಲ್ಲಿ ನಿಷಿದ್ಧ. ಆದುದರಿಂದ ನಮ್ಮಲ್ಲಿ ಮೂರ್ತಿ ನಿಲ್ಲುವ ಎಡೆಯಲ್ಲಿ ಅಲ್ಲಿ ಹೀಬ್ರೂ ಅಕ್ಷರಗಳು ನಿಲ್ಲುತ್ತವೆ. ಪ್ರಾರ್ಥನೆಯಲ್ಲಿ ಜೆರೂಸಲೇಮಿಗೆ ಅಭಿಮುಖರಾಗಲೆಂದು ಮನೆಯ ಪೂರ್ವದ ಗೋಡೆಗೆ ತೂಗುಹಾಕುವ ‘ಮಿಜ್ರಾಹ್’ ಇಂತಹ ಒಂದು ರಚನೆ. ಎರಡನೆಯ ಮಹಾಯುದ್ಧದ ಕಾಲದ ನರಮೇಧದಲ್ಲಿ ಜನರೊಡನೆ ಈ ಪರಂಪರೆಯೂ ಬಹುಪಾಲು ಅಳಿಯಿತು. ಮುಂದೆ ಅದನ್ನು ಮತ್ತೆ ರೂಢಿಗೆ ತಂದವರಲ್ಲಿ ಜೆರೂಸಲೇಮಿನ ಯೆಹೂದಿತ್ ಶಾದೂರ್ ಅವರು ಪ್ರಮುಖರು. ಪತಿ ಜೋಸೆಫರೊಡನೆ ಅವರು ಸಾಂಪ್ರದಾಯಿಕ ಕಾಗದಚಿತ್ರಗಳನ್ನು ಕುರಿತು ಬರೆದ ಗ್ರಂಥ 2002ರಲ್ಲಿ ಪ್ರಕಟವಾಯಿತು.

ನಮ್ಮ ಕಿಳ್ಳೇಕ್ಯಾತರು ಮೇಕೆಯ ತೊಗಲನ್ನು ಬೆಳಕು ತೂರುವಷ್ಟು ತೆಳುವಾಗಿ ಹದಮಾಡಿ, ರಂಧ್ರ ಕೊರೆದು, ಬಣ್ಣ ಹಾಕುತ್ತಾರೆ. ಹಿಂದೆ ಜಿಂಕೆಯ ತೊಗಲೂ ಬಳಕೆಯಲ್ಲಿತ್ತು. ರಾಜರ, ದೇವತೆಗಳ ಗೊಂಬೆ ದೊಡ್ಡದು; ಸೇವಕರದು ಚಿಕ್ಕದು. ಒಂದೇ ತೊಗಲಿನಲ್ಲಿ ಹಲವು ಪಾತ್ರಗಳನ್ನು ಕೂಡಿಸಿ ಕೊರೆಯುವುದೂ ಉಂಟು. ಇಂತಹ ಕೂಡುಗೊಂಬೆಗಳನ್ನು ನೋಡಿದವರಿಗೆ ಹಂಪಿಯ ಹಜಾರರಾಮ ದೇವಾಲಯದ ಗೋಡೆಗಳ ಮೇಲಿರುವ 15ನೆಯ ಶತಮಾನದ ರಾಮಾಯಣದ ಉಬ್ಬುಶಿಲ್ಪಗಳ ಸಾಲು ನೆನಪಾಗದಿರದು. ಆದರೆ ಇಷ್ಟರಿಂದಲೇ ಗೊಂಬೆಗಳ ಮೂಲವನ್ನು ವಿಜಯನಗರಕ್ಕೆ ಒಯ್ಯುವುದು ಅವಸರದ ನಿರ್ಣಯವೆಂದೇ ನಮ್ಮ ಅಭಿಪ್ರಾಯ. ತೊಗಲಿನ ಆಯುಸ್ಸು ಕಲ್ಲಿನಷ್ಟು ದೀರ್ಘವಲ್ಲ. ಶೈಲಿಯ ಸಾಮ್ಯ ಕಾಲನಿರ್ಣಯಕ್ಕೆ ಸಾಲದು.

ಎರಡು ಕಲೆಗಳಲ್ಲಿಯೂ ತೆಗೆದುಹಾಕಿದ ಭಾಗವೇ ಚಿತ್ರದ ಜೀವ. ಆದರೆ ಕಾಗದಚಿತ್ರದಲ್ಲಿ ಆ ತೆರಪಿನಿಂದ ಕಾಣುವುದು ಹಿಂದೆ ಅಂಟಿಸಿದ ಹಾಳೆ. ಗೊಂಬೆಯಲ್ಲಿ ಕಾಣುವುದು ದೀಪ. ರಾಮನ ಕಿರೀಟದ ರತ್ನಗಳು ವಾಸ್ತವವಾಗಿ ರಂಧ್ರಗಳು. ಪರದೆಯ ಮೇಲೆ ಅವೇ ಎಲ್ಲಕ್ಕಿಂತ ಪ್ರಕಾಶಮಾನ. ಹೀಗಿರಲಾಗಿ, ಗೊಂಬೆಯನ್ನು ಚೌಕಟ್ಟಿಗೆ ಸೇರಿಸಿ, ಮುಂದಿನಿಂದ ಬೆಳಕು ಬಿಟ್ಟು ಗೋಡೆಗೆ ತೂಗುಹಾಕುವ ಈಗಿನ ರೂಢಿ ಸಾಧುವಲ್ಲ. ಗೋಡೆಗಾಗಿಯೇ ಹುಟ್ಟಿದ ಮಿಜ್ರಾಹಿಗೆ ಅದು ಸಲ್ಲುತ್ತದೆ, ಗೊಂಬೆಗೆ ಸಲ್ಲದು. ದೀಪದ ಮುಸುಕಾಗಿ ಮಾರುವ ತೊಗಲಿನಲ್ಲಿ ಬೆಳಕೇನೋ ಉಳಿದಿದೆ, ಕಥೆ ಉಳಿದಿಲ್ಲ.

ಇನ್ನೊಂದು ಸಾಮ್ಯ ಹೆಚ್ಚು ವಿಚಾರಾರ್ಹ. ಯಹೂದ್ಯರ ತೋರಾ ಗ್ರಂಥದ ಸುರುಳಿಯನ್ನು ಶಾಸ್ತ್ರಸಮ್ಮತವಾದ ಪ್ರಾಣಿಯ ಚರ್ಮದ ಮೇಲೆ ಕೈಯಿಂದಲೇ ಬರೆಯಬೇಕು. ಜೀರ್ಣವಾದ ಸುರುಳಿಯನ್ನು ಎಸೆಯದೆ ಭೂಮಿಯಲ್ಲಿ ಹೂಳುತ್ತಾರೆ. ನಮ್ಮವರು ಹರಿದ ಗೊಂಬೆಯನ್ನು ಪೂಜಿಸಿ ಹೊಳೆಗೆ ಬಿಡುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಇದು ಇಕ್ಕಟ್ಟಿನ ಪ್ರಶ್ನೆ. ಶ್ರೀ ಎಂ. ಎಸ್. ನಂಜುಂಡರಾಯರು ಶ್ರಮವಹಿಸಿ ಸಂಗ್ರಹಿಸದಿದ್ದರೆ ಇಂದು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಾಣುವ ಹಳೆಯ ಗೊಂಬೆಗಳು ನಮಗೆ ಉಳಿಯುತ್ತಿದ್ದವೇ? ಆದರೂ ಮೇಳದವರು ನೀರಿಗೆ ಬಿಡಬೇಕೆಂದಿರುವ ಗೊಂಬೆಯನ್ನು ಹಣದ ಆಸೆ ತೋರಿಸಿ ಪಡೆಯುವುದನ್ನು ನಾವು ಒಪ್ಪಲಾರೆವು. ಅದರ ಅಳತೆ, ಹಿಂದಿನಿಂದ ಬೆಳಕು ಬಿಟ್ಟು ತೆಗೆದ ಛಾಯಾಚಿತ್ರ, ಅದು ಆಡುವ ಪ್ರಸಂಗದ ಹಾಡು, ಇಷ್ಟನ್ನು ದಾಖಲಿಸಿ ಗೊಂಬೆಯನ್ನು ಹೊಳೆಗೆ ಬಿಡಲು ಅವರಿಗೇ ಒಪ್ಪಿಸಬಹುದು. ಕೊಪ್ಪಳ ಜಿಲ್ಲೆಯ ಮೋರನಾಳದ ಶ್ರೀಮತಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ದೊರೆತುದು 2025ರಲ್ಲಿ, ಅವರ ವಯಸ್ಸು ತೊಂಬತ್ತು ದಾಟಿದ ಮೇಲೆ. ಅವರ ತಲೆಮಾರಿನವರ ಹಾಡುಗಳನ್ನು ಬರೆದುಕೊಳ್ಳುವ ಕೆಲಸ ಮೊದಲು ಆಗಬೇಕು. ಗೊಂಬೆಗಳ ಎಣಿಕೆ ಅನಂತರ.