ಕಾವೇರಿಯ ಮಹಸೀರ್ ಮೀನಿನ ಎಣಿಕೆ: ಒಂದು ವಿಮರ್ಶೆ

ನದಿಯ ಮೀನು ಕಡಿಮೆಯಾಗುತ್ತಿದೆಯೆಂದು ಹೇಳುವುದು ಸುಲಭ. ಯಾವ ಜಾತಿಯಲ್ಲಿ ಕಡಿಮೆಯಾಯಿತು, ಎಷ್ಟು ಕಡಿಮೆಯಾಯಿತು, ಎಂದಿನಿಂದ ಕಡಿಮೆಯಾಯಿತು ಎಂಬುದನ್ನು ಪ್ರಮಾಣಪೂರ್ವಕವಾಗಿ ತೋರಿಸುವುದು ಸುಲಭವಲ್ಲ. ಕಾಡಿನ ಮರವನ್ನು ನಿಂತಲ್ಲಿಯೇ ಎಣಿಸಬಹುದು. ಮುಂಗಾರಿನ ಪ್ರವಾಹದಲ್ಲಿ ಕೆಂಪಾಗಿ ಹರಿದು, ಬೇಸಗೆಯಲ್ಲಿ ಬಂಡೆಗಳ ನಡುವಣ ಮಡುಗಳಲ್ಲಿ ನಿಲ್ಲುವ ನದಿಯ ಮೀನನ್ನು ಹಾಗೆ ಎಣಿಸಲಾಗದು. ಆದಕಾರಣ ಅಲ್ಪಭಾಗವನ್ನು ಹಿಡಿದು ನೋಡಿ ಇಡಿಯನ್ನು ಊಹಿಸುವ ಮಾರ್ಗವೊಂದೇ ಉಳಿಯುತ್ತದೆ. ಆ ಅಲ್ಪಭಾಗವು ಇಡಿಯನ್ನು ಎಷ್ಟರಮಟ್ಟಿಗೆ ಪ್ರತಿನಿಧಿಸುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಕಾವೇರಿಯ ಮಹಸೀರ್ ಮೀನನ್ನು ಕುರಿತು ಪಿಂಡರ್, ರಾಘವನ್ ಮತ್ತು ಬ್ರಿಟನ್ ಎಂಬ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪ್ರಬಂಧಗಳಿಗೆ ಆಧಾರವಾದ ಸಾಮಗ್ರಿ ಪ್ರಯೋಗಶಾಲೆಯಿಂದ ಬಂದುದಲ್ಲ. ಕಾವೇರಿ ವನ್ಯಧಾಮದೊಳಗಿನ ಗಾಳಿಬೋರೆಯಲ್ಲಿ ಗಾಳ ಹಾಕುವವರಿಗಾಗಿ ನಡೆಯುತ್ತಿದ್ದ ಶಿಬಿರದ ದಿನಚರಿಯಿಂದ ಅದು ಬಂದಿದೆ. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. 1998ರಿಂದ 2012ರವರೆಗಿನ ಅವಧಿಯಲ್ಲಿ 23,620 ಗಂಟೆಗಳ ಶ್ರಮಕ್ಕೆ 6,161 ಮಹಸೀರ್‌ಗಳು ದೊರೆತವು. ಅವುಗಳಲ್ಲಿ ಅತಿ ಚಿಕ್ಕದು 1 ಪೌಂಡು, ಅತಿ ದೊಡ್ಡದು 104 ಪೌಂಡು ತೂಗಿತು. ಸರಾಸರಿಯಾಗಿ ಹೇಳುವುದಾದರೆ ಸುಮಾರು ನಾಲ್ಕು ಗಂಟೆಗೊಂದು ಮೀನು. ಗಂಟೆಯೊಂದಕ್ಕೆ ದೊರೆತ ಮೀನಿನ ಸಂಖ್ಯೆಯನ್ನು ನಾವು 'ಗಂಟೆವಾರು ಹಿಡಿತ' ಎಂದು ಕರೆಯೋಣ. ಈ ಹಿಡಿತದ ಏರಿಳಿತವು ನದಿಯಲ್ಲಿರುವ ಮೀನಿನ ಏರಿಳಿತವನ್ನು ಸೂಚಿಸುತ್ತದೆಂಬುದು ಲೇಖಕರ ಮೂಲ ಗೃಹೀತ.

ಇಷ್ಟು ದೀರ್ಘಕಾಲದ ಕ್ರಮಬದ್ಧ ದಾಖಲೆ ನಮ್ಮ ನದಿಗಳ ವಿಷಯದಲ್ಲಿ ದುರ್ಲಭ. ವಿನೋದಕ್ಕಾಗಿ ಬರೆದಿಟ್ಟ ಲೆಕ್ಕವನ್ನು ಶಾಸ್ತ್ರಕ್ಕೆ ಉಪಯೋಗಿಸಿಕೊಂಡ ಲೇಖಕರ ಜಾಣ್ಮೆ ಪ್ರಶಂಸನೀಯ. ಅದಕ್ಕಿಂತಲೂ ಮಿಗಿಲಾಗಿ ಗಮನಿಸತಕ್ಕದ್ದು ದಾಖಲೆಯು ಹೇಳುವ ಕಥೆಯನ್ನು. ಎಲ್ಲ ಮಹಸೀರ್‌ಗಳನ್ನೂ ಒಟ್ಟಾಗಿ ಎಣಿಸಿದಲ್ಲಿ ಗಂಟೆವಾರು ಹಿಡಿತ ವರ್ಷದಿಂದ ವರ್ಷಕ್ಕೆ ಏರಿದೆ. ಸರಾಸರಿ ತೂಕ ಇಳಿದಿದೆ. ಮರಿಗಳು ಹೇರಳವಾಗಿ ಬೆಳೆದು ಬರುತ್ತಿವೆ, ನದಿ ಸುಸ್ಥಿತಿಯಲ್ಲಿದೆ ಎಂದು ಯಾರಾದರೂ ಹೇಳಬಹುದಾಗಿತ್ತು. ಆದರೆ ಶಿಬಿರದಲ್ಲಿ ಎರಡು ಬಗೆಯ ಮಹಸೀರ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಗಿತ್ತು: ಒಂದು ನೀಲಿ ಈಜುರೆಕ್ಕೆಯದು, ಇನ್ನೊಂದು ಹೊನ್ನಬಣ್ಣದ ಗೂನುಬೆನ್ನಿನದು. ಹೀಗೆ ವಿಂಗಡಿಸಿ ನೋಡಿದಾಗ ಏರಿದುದೆಲ್ಲವೂ ನೀಲಿರೆಕ್ಕೆಯದು. ಗೂನುಬೆನ್ನಿನದು ವರ್ಷೇ ವರ್ಷೇ ವಿರಳವಾಗಿ, ಸಿಕ್ಕಿದವುಗಳ ತೂಕ ಮಾತ್ರ ಹೆಚ್ಚುತ್ತ ಹೋಯಿತು. ಮುದಿ ಮೀನುಗಳು ಉಳಿದು, ಅವುಗಳ ಸ್ಥಾನಕ್ಕೆ ಬರಬೇಕಾದ ಎಳೆಯವು ಬರುತ್ತಿಲ್ಲವೆಂಬುದಕ್ಕೆ ಇದು ಲಕ್ಷಣ.

ನೀಲಿರೆಕ್ಕೆಯ ಮಹಸೀರ್ ಕೃಷ್ಣಾ ಜಲಾನಯನಕ್ಕೆ ಸೇರಿದ್ದು. 1839ರಲ್ಲಿ ಸೈಕ್ಸ್ ಅದನ್ನು ಪುಣೆಯ ಸಮೀಪದ ಮುಳಾ-ಮುಠಾ ನದಿಯಿಂದ ವರ್ಣಿಸಿದನು. ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಈ ಜಾತಿಯ ಮರಿಗಳನ್ನು 1970ರ ದಶಕದಿಂದೀಚೆಗೆ ಕಾವೇರಿಗೆ ತಂದು ಬಿಡಲಾಯಿತು. ಸಂರಕ್ಷಣೆಯೆಂಬ ಸದುದ್ದೇಶದಿಂದಲೇ ಇದು ನಡೆಯಿತೆಂಬುದರಲ್ಲಿ ಸಂದೇಹವಿಲ್ಲ. 'ಮಹಸೀರ್' ಎಂಬ ಒಂದೇ ಹೆಸರಿನಡಿಯಲ್ಲಿ ಎರಡು ಜಾತಿಗಳನ್ನು ಎಣಿಸುವವನಿಗೆ ಈ ಕಾರ್ಯ ಸಫಲವಾಗಿಯೇ ಕಾಣುತ್ತದೆ. ಕಾವೇರಿಯದೇ ಆದ ಮೀನು ಅಳಿಯುತ್ತಿರುವಾಗ ಲೆಕ್ಕದ ಪುಸ್ತಕ ಏಳಿಗೆಯನ್ನು ತೋರಿಸುತ್ತದೆ. ಈ ಪ್ರಬಂಧಗಳಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದೇ: ಜಾತಿಯ ನಿರ್ಣಯವಿಲ್ಲದ ಎಣಿಕೆ ಅಪೂರ್ಣವಾದುದಷ್ಟೇ ಅಲ್ಲ, ದಾರಿ ತಪ್ಪಿಸುವಂಥದು.

ಗೂನುಬೆನ್ನಿನ ಮೀನಿಗೆ ಆಗ ಶಾಸ್ತ್ರಸಮ್ಮತವಾದ ಹೆಸರೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬಹುಕಾಲ ಅದಕ್ಕೆ 'ಟಾರ್ ಮುಸ್ಸುಲ್ಲಾ' ಎಂಬ ಹೆಸರು ಸಲ್ಲುತ್ತಿತ್ತು. ಅದು ಬೇರೊಂದು ಮೀನಿನದೆಂದು ಅನಂತರ ತಿಳಿಯಿತು. ಮೋಯಾರ್ ನದಿಯ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ಹೊಳೆಯಿಂದ ಕುರುಪ್ ಮತ್ತು ರಾಧಾಕೃಷ್ಣನ್ ಅವರು ಅದಾಗಲೇ ವರ್ಣಿಸಿದ್ದ 'ಟಾರ್ ರೆಮಾದೇವಿಯೈ'ಯೇ ಇದೆಂದು 2018ರಲ್ಲಿ ನಿರ್ಣಯಿಸಲಾಯಿತು. ಪಾಂಬಾರ್ ಹೊಳೆಯೂ ಕಾವೇರಿಯ ಜಲಾನಯನಕ್ಕೇ ಸೇರಿದುದು. ಹೆಸರು ಸ್ಥಿರಪಟ್ಟ ವರ್ಷವೇ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅದನ್ನು ಅತಿ ಗಂಭೀರ ಅಪಾಯದಲ್ಲಿರುವ ಜಾತಿಗಳ ವರ್ಗಕ್ಕೆ ಸೇರಿಸಿತು. ಹೆಸರಿಲ್ಲದ ಮೀನಿಗೆ ಪಟ್ಟಿಯಲ್ಲಿ ಸ್ಥಾನವಿಲ್ಲ. ಪಟ್ಟಿಯಲ್ಲಿ ಸ್ಥಾನವಿಲ್ಲದುದಕ್ಕೆ ರಕ್ಷಣೆಯೂ ಸುಲಭವಾಗಿ ದೊರೆಯದು.

ಇಷ್ಟು ಗುಣಗಳನ್ನು ಒಪ್ಪಿಕೊಂಡ ಮೇಲೆ ಕೆಲವು ಆಕ್ಷೇಪಗಳನ್ನು ಸೂಚಿಸುವುದು ಅವಶ್ಯ. ಗಾಳದ ದಾಖಲೆಯು ಮೀನಿನ ಸ್ಥಿತಿಯನ್ನು ತಿಳಿಯಲು ಉಪಯುಕ್ತ ಸಾಧನವೆಂಬುದು ಲೇಖಕರ ತೀರ್ಮಾನ. ಅದು ಎಲ್ಲಿಯವರೆಗೆ ಸಲ್ಲುತ್ತದೆ? ಮೊದಲನೆಯದಾಗಿ, ಒಂದು ಗಂಟೆ ಇನ್ನೊಂದು ಗಂಟೆಗೆ ಸಮವಲ್ಲ. ಹರಿಗೋಲು ನಡೆಸುವ ಅನುಭವಿ ಯಾವ ಮಡುವಿಗೆ ಕರೆದೊಯ್ದನು, ನೀರು ಎಷ್ಟಿತ್ತು, ರಾಗಿ ಹಿಟ್ಟಿನ ಉಂಡೆ ಕಟ್ಟಿದರೋ ಬೇರೆ ಎರೆ ಕಟ್ಟಿದರೋ ಎಂಬುದರ ಮೇಲೆ ಹಿಡಿತ ಬದಲಾಗುತ್ತದೆ. ಉಳಿದ ಮೀನುಗಳು ಕೆಲವೇ ಆಳವಾದ ಮಡುಗಳಲ್ಲಿ ಗುಂಪುಗೂಡಿದರೆ, ನದಿ ಬರಿದಾಗುತ್ತಿದ್ದರೂ ಆ ಮಡುಗಳಲ್ಲಿನ ಹಿಡಿತ ಇಳಿಯದೆ ಇರಬಹುದು. ಎರಡನೆಯದಾಗಿ, ಗಾಳವು ಒಂದು ಗಾತ್ರಕ್ಕಿಂತ ಚಿಕ್ಕ ಮೀನನ್ನು ಹಿಡಿಯುವುದಿಲ್ಲ. ಎಳೆಯವು ಹುಟ್ಟುತ್ತಿಲ್ಲವೋ, ಹುಟ್ಟಿ ಒಂದು ಪೌಂಡು ತೂಗುವ ಮೊದಲೇ ಸಾಯುತ್ತಿವೆಯೋ ಎಂಬುದನ್ನು ಈ ದಾಖಲೆ ಬಿಡಿಸಿ ಹೇಳಲಾರದು. ಪರಿಹಾರವಾದರೋ ಈ ಎರಡು ಸಂದರ್ಭಗಳಲ್ಲಿ ಬೇರೆ ಬೇರೆ. ಮೂರನೆಯದಾಗಿ, ದಾಖಲೆ ಆರಂಭವಾದುದು 1998ರಲ್ಲಿ. ಹೊರಗಿನ ಮರಿಗಳು ನದಿಗಿಳಿದು ಆಗಲೇ ಬಹಳ ವರ್ಷಗಳಾಗಿದ್ದವು. ಕೃಷ್ಣರಾಜಸಾಗರ ಮತ್ತು ಮೆಟ್ಟೂರು ಅಣೆಕಟ್ಟುಗಳು ಕಟ್ಟಿ ಆರು ದಶಕಗಳು ಮೀರಿದ್ದವು. ಆದುದರಿಂದ ಇಲ್ಲಿ ಅಳೆದಿರುವುದು ಪತನದ ಉತ್ತರಾರ್ಧವನ್ನು ಮಾತ್ರ. 1998ರ ಸ್ಥಿತಿಯನ್ನೇ ಮರಳಿ ಪಡೆಯಬೇಕಾದ ಗುರಿಯೆಂದು ಯಾರೂ ಭಾವಿಸಬಾರದು.

ಹಾಗಾದರೆ ಇದಕ್ಕಿಂತ ಮೇಲಾದ ಕ್ರಮ ಯಾವುದು? ನೀರಿಗೆ ವಿದ್ಯುತ್ತನ್ನು ಹಾಯಿಸಿ ಮೀನನ್ನು ಮಂಕಾಗಿಸಿ ಹಿಡಿಯುವುದು ಕಿರುತೊರೆಗಳಿಗೆ ಸರಿ; ಆಳವಾದ, ಬಂಡೆಗಳಿಂದ ಕೂಡಿದ ಕಾವೇರಿಗೆ ಅದು ಒಗ್ಗದು. ಕಿವಿರಿಗೆ ಸಿಕ್ಕಿಕೊಳ್ಳುವ ಬಲೆಗಳು ಎಣಿಸಬೇಕಾದ ಮೀನನ್ನೇ ಕೊಲ್ಲುತ್ತವೆ. ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯುವ ಕ್ರಮ ಹಳೆಯದು, ಸರಳವಾದುದು. ಉದಾಹರಣೆಗೆ 50 ಮೀನಿಗೆ ಗುರುತು ಹಾಕಿ ಬಿಟ್ಟು, ಮತ್ತೊಮ್ಮೆ ಹಿಡಿದ 40ರಲ್ಲಿ 10 ಗುರುತಿನವಿದ್ದರೆ ಒಟ್ಟು ಸುಮಾರು 200 ಎಂದು ತಿಳಿಯಬಹುದು. ಆದರೆ ಒಮ್ಮೆ ಗಾಳಕ್ಕೆ ಸಿಕ್ಕಿದ ಮೀನು ಮತ್ತೆ ಗಾಳಕ್ಕೆ ಹೆದರುವುದಾದರೆ ಗುರುತಿನ ಮೀನು ಕಡಿಮೆ ಸಿಕ್ಕಿ, ಅಂದಾಜು ನಿಜಕ್ಕಿಂತ ಹಿಗ್ಗುತ್ತದೆ. ನೀರನ್ನು ಸೋಸಿ ಅದರಲ್ಲಿ ಮೀನು ಬಿಟ್ಟ ಡಿಎನ್‌ಎಯನ್ನು ಹುಡುಕುವ ಈಚಿನ ವಿಧಾನಕ್ಕೆ ಮೀನನ್ನು ಮುಟ್ಟಬೇಕಾದುದೂ ಇಲ್ಲ. ಅದು ಇರವನ್ನು ಹೇಳೀತು. ವಯಸ್ಸನ್ನೂ ತೂಕವನ್ನೂ ಹೇಳದು. ತಾಯಿಯ ಕಡೆಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಗುರುತನ್ನು ನೆಚ್ಚಿದರೆ, ಎರಡು ಜಾತಿಗಳು ಬೆರೆತು ಹುಟ್ಟಿದ ಮಿಶ್ರಸಂತಾನವನ್ನು ಶುದ್ಧಜಾತಿಯೆಂದು ತಿಳಿಯುವ ಅಪಾಯವೂ ಉಂಟು.

ಇನ್ನು, 'ಸಿಗಲಿಲ್ಲ' ಎಂಬುದನ್ನು 'ಇಲ್ಲ' ಎಂದು ಅರ್ಥಮಾಡುವ ಅಭ್ಯಾಸವನ್ನು ಬಿಡಬೇಕು. ಇರುವ ಮೀನು ಒಂದು ಭೇಟಿಯಲ್ಲಿ ಸಿಗುವ ಸಂಭವ ಐದರಲ್ಲೊಂದು ಎಂದಿಟ್ಟುಕೊಂಡರೆ, ಸತತ ಹತ್ತು ಭೇಟಿಗಳಲ್ಲಿಯೂ ಅದು ಸಿಗದಿರುವ ಸಂಭವ ಇನ್ನೂ ನೂರಕ್ಕೆ ಸುಮಾರು 11ರಷ್ಟು ಇರುತ್ತದೆ. ಈ ಕಾರಣದಿಂದ ಬರಿಗೈಯಲ್ಲಿ ಮರಳಿದ ದಿನಗಳನ್ನೂ ದಾಖಲೆಯಲ್ಲಿ ತಪ್ಪದೆ ಬರೆಯಬೇಕು.

ಗಾಳಿಬೋರೆಯ ದಾಖಲೆ 2012ಕ್ಕೆ ನಿಂತುಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನ್ವಯ ವನ್ಯಧಾಮದೊಳಗೆ ಗಾಳ ಹಾಕುವುದು ನಿಷಿದ್ಧವೆಂದು ತೀರ್ಮಾನವಾಗಿ ಶಿಬಿರ ಮುಚ್ಚಿತು. ರಕ್ಷಿತ ಪ್ರದೇಶದಲ್ಲಿ ವಿನೋದಕ್ಕಾಗಿ ಪ್ರಾಣಿಯನ್ನು ಹಿಂಸಿಸಬಾರದೆಂಬ ವಾದಕ್ಕೆ ಬಲವಿಲ್ಲದಿಲ್ಲ. ಆದರೆ ಶಿಬಿರದೊಡನೆ ಎಣಿಕೆಯೂ, ಸಿಡಿಮದ್ದು ಹಾಕಿ ಮೀನು ಹಿಡಿಯುವವರನ್ನು ತಡೆಯುತ್ತಿದ್ದ ಕಾವಲೂ ಹೋದವು. ನಿಷೇಧ ಮತ್ತು ಮಾಪನ ಬೇರೆ ಬೇರೆ ಕಾರ್ಯಗಳು. ಒಂದನ್ನು ಮಾಡಿದ ಮಾತ್ರಕ್ಕೆ ಇನ್ನೊಂದು ಆದಂತಲ್ಲ. ನಿಷೇಧಿಸುವ ಅಧಿಕಾರವುಳ್ಳವರು ಎಣಿಸುವ ಹೊಣೆಯನ್ನೂ ಹೊರಬೇಕಾದುದು ನ್ಯಾಯ.

ಒಟ್ಟಿನಲ್ಲಿ ಈ ಪ್ರಬಂಧಗಳು, ಅವುಗಳ ಮಿತಿಗಳೊಡನೆ, ಕಾವೇರಿಯ ಮೀನಿನ ಬಗೆಗೆ ಅತ್ಯಂತ ಅಗತ್ಯವಾದ ಕೆಲಸವನ್ನು ಮಾಡಿವೆ. ಮುಂದಿನ ಕೆಲಸ ಹೀಗಿರಬೇಕೆಂದು ನಮ್ಮ ಮತ: ವರ್ಷವರ್ಷವೂ ಅದೇ ಮಡುಗಳಲ್ಲಿ, ಅದೇ ತಿಂಗಳುಗಳಲ್ಲಿ, ಅದೇ ಸಲಕರಣೆಯಿಂದ, ಪರವಾನಗಿ ಪಡೆದ ಸಂಶೋಧಕರ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಯಬೇಕು, ಪ್ರತಿ ಮೀನಿನ ಜಾತಿ, ಉದ್ದ, ತೂಕಗಳನ್ನು ಬರೆದು ಛಾಯಾಚಿತ್ರ ತೆಗೆಯಬೇಕು, ಗಾಳ ತಲುಪದ ಮರಿಗಳನ್ನು ಡಿಎನ್‌ಎಯಿಂದ ಹುಡುಕಬೇಕು, ಮೊದಲಿನ ಶಿಬಿರಗಳಲ್ಲಿ ದುಡಿದು ನದಿಯ ಪರಿಚಯವುಳ್ಳ ಸ್ಥಳೀಯರನ್ನು ಈ ಕೆಲಸಕ್ಕೆ ಕರೆಯಬೇಕು. ಅಲ್ಲಿಯವರೆಗೆ ಕಾವೇರಿಗೆ ಹೊರಗಿನ ಮಹಸೀರ್ ಮರಿಗಳನ್ನು ಬಿಡುವುದು ಪೂರ್ಣವಾಗಿ ನಿಲ್ಲಬೇಕು. ಗೂನುಬೆನ್ನಿನ ಮೀನು ಮೋಯಾರ್ ನದಿಯಲ್ಲಿ ಉಳಿದಿರುವುದು ದೃಢಪಟ್ಟಿರುವುದರಿಂದ ಈ ಪರೀಕ್ಷೆಯನ್ನು ಮೊದಲು ಅಲ್ಲಿಯೇ ಆರಂಭಿಸುವುದು ಯುಕ್ತ.